ಗಣಿತದ ಮೇಷ್ಟ್ರು ಹಾಕಿದ ಲೆಕ್ಕ

ವೃತ್ತಿಜೀವನವೆಲ್ಲ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ಆದರೆ ಪ್ರತಿ ತಿಂಗಳೂ ನನ್ನ ಸಂಬಳದಿಂದ ಕಡಿತವಾಗುತ್ತಿದ್ದ ವಿಮಾ ಕಂತಿನ ಹಿಂದಿರುವ ಲೆಕ್ಕವನ್ನು ನಿವೃತ್ತಿಯವರೆಗೂ ಬಿಡಿಸಿ ನೋಡಲಿಲ್ಲ. ಆ ಲೆಕ್ಕವನ್ನು ರೂಪಿಸಿದವನೂ ಒಬ್ಬ ಗಣಿತದ ಮೇಷ್ಟ್ರೇ ಎಂದು ತಿಳಿದಾಗ ನಾಚಿಕೆಯಾಯಿತು.

ಲಂಡನ್ನಿನಲ್ಲಿ 1706ರಲ್ಲಿ ಸ್ಥಾಪನೆಯಾದ ಅಮಿಕಬಲ್ ಸೊಸೈಟಿಯ ಸದಸ್ಯರು ವಯೋಭೇದವಿಲ್ಲದೆ ಒಂದೇ ವಂತಿಗೆ ತೆರುತ್ತಿದ್ದರು. ಆಯಾ ವರ್ಷ ಮೃತರಾದವರ ಕುಟುಂಬಗಳಿಗೆ ಹಣ ಹಂಚಿಕೆಯಾಗುತ್ತಿತ್ತು. ಸಾವು ಹೆಚ್ಚಾದರೆ ಪಾಲು ಕುಗ್ಗುತ್ತಿತ್ತು. ನಲವತ್ತೈದು ದಾಟಿದನೆಂಬ ಕಾರಣಕ್ಕೆ ಜೇಮ್ಸ್ ಡಾಡ್ಸನ್ ಎಂಬ ಗಣಿತಜ್ಞನಿಗೆ ಅಲ್ಲಿ ಪ್ರವೇಶ ದೊರೆಯಲಿಲ್ಲ. ಆತ ಮರಣ ಕೋಷ್ಟಕಗಳನ್ನು ಆಧರಿಸಿ, ವಯಸ್ಸಿಗೆ ತಕ್ಕ ಕಂತು ಎಷ್ಟಿರಬೇಕೆಂದು ಗಣಿಸಿದ. ಯೌವನದಲ್ಲಿ ಅಗತ್ಯಕ್ಕಿಂತ ತುಸು ಹೆಚ್ಚು ಕೊಟ್ಟರೆ, ಆ ಉಳಿಕೆಯೇ ಮುಪ್ಪಿನ ಅಪಾಯವನ್ನು ತುಂಬಿಕೊಡುತ್ತದೆ. ಕಂತು ಜೀವನಪರ್ಯಂತ ಒಂದೇ ಆಗಿರಬಹುದು. ಡಾಡ್ಸನ್ 1757ರಲ್ಲಿ ತೀರಿಕೊಂಡ. ಅವನ ತತ್ತ್ವದ ಮೇಲೆ ಈಕ್ವಿಟಬಲ್ ಸೊಸೈಟಿ ಆರಂಭವಾದದ್ದು 1762ರಲ್ಲಿ.

ಇಂದಿನ ಬಗೆಗಳೆಲ್ಲ ಈ ಲೆಕ್ಕದ ಕವಲುಗಳೇ. ನಿಗದಿತ ವರ್ಷಗಳೊಳಗೆ ಸತ್ತರೆ ಮಾತ್ರ ಹಣ ಕೊಡುವುದು ಅವಧಿ ವಿಮೆ; ಬದುಕುಳಿದರೆ ಸಾಮಾನ್ಯವಾಗಿ ಏನೂ ಬಾರದು, ಆದ್ದರಿಂದಲೇ ಕಂತು ಅಗ್ಗ. ಸಾವು ಎಂದೇ ಬರಲಿ, ವಾರಸುದಾರರಿಗೆ ಸಲ್ಲುವುದು ಆಜೀವ ವಿಮೆ. ಸತ್ತರೂ ಬದುಕಿದರೂ ಹಣ ತರುವುದು ಎಂಡೋಮೆಂಟ್. ಉಳಿತಾಯ ಬೆರೆತಿರುವುದರಿಂದ ಕಂತು ಬಹಳ ದುಬಾರಿ. ಆ ಮೊತ್ತದ ಒಂದು ಭಾಗವನ್ನು ನಡುನಡುವೆ ಹಿಂತಿರುಗಿಸಿದರೆ ಅದೇ ಮನಿಬ್ಯಾಕ್. ಯೂನಿಟ್ ಲಿಂಕ್ಡ್ ಪಾಲಿಸಿಯಲ್ಲಿ ಹೂಡಿಕೆಯ ಏರಿಳಿತ ಪಾಲಿಸಿದಾರನ ಪಾಲಿಗೇ.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ವರ್ಣಭೇದವೂ ಸೇರಿತ್ತು. ಕಲ್ಕತ್ತೆಯಲ್ಲಿ 1818ರಲ್ಲಿ ಓರಿಯೆಂಟಲ್ ಕಂಪನಿ ಬಂದರೂ, ಆ ಕಾಲದ ಕಂಪನಿಗಳು ಭಾರತೀಯರಿಗೆ ವಿಮೆ ಕೊಟ್ಟರೆ ಹೆಚ್ಚುವರಿ ಕಂತು ವಿಧಿಸುತ್ತಿದ್ದವು. ಸಾಮಾನ್ಯ ದರದಲ್ಲಿ ಭಾರತೀಯರಿಗೆ ವಿಮೆ ನೀಡಿದ್ದು 1870ರ ಬಾಂಬೆ ಮ್ಯೂಚುಯಲ್. 1884ರಲ್ಲಿ ಅಂಚೆ ಜೀವ ವಿಮೆ ಬಂತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ವಿಮಾ ಯೋಜನೆ ತಂದಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. 1956ರಲ್ಲಿ 245 ಖಾಸಗಿ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಭಾರತೀಯ ಜೀವ ವಿಮಾ ನಿಗಮವನ್ನು ಸ್ಥಾಪಿಸಲಾಯಿತು.

ಖಾಸಗಿ ಶಾಲೆಯೊಂದರಲ್ಲಿ ದುಡಿಯುತ್ತಿದ್ದ ಗೆಳೆಯರೊಬ್ಬರು ಒಮ್ಮೆ ಪಾಲಿಸಿ ಮಾಡಿಸುವಾಗ ನನ್ನ ಸಲಹೆ ಕೇಳಿದರು. "ಅವಧಿ ವಿಮೆಯಲ್ಲಿ ಕಟ್ಟಿದ ಹಣವೆಲ್ಲ ದಂಡ, ವಾಪಸು ಬರುವಂಥದ್ದನ್ನೇ ಕೊಳ್ಳಿ" ಎಂದೆ. ಅವರ ಶಕ್ತಿಗೆ ಎಟುಕಿದ್ದು ಸಣ್ಣ ಮೊತ್ತದ ಎಂಡೋಮೆಂಟ್. ನಾಲ್ಕನೆಯ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಬಂದ ಹಣ ಅವರ ಇಬ್ಬರು ಮಕ್ಕಳ ಎರಡು ವರ್ಷದ ಓದಿಗೂ ಸಾಲಲಿಲ್ಲ. ಅದೇ ಕಂತಿಗೆ ಅವಧಿ ವಿಮೆ ಅದರ ಹಲವು ಪಟ್ಟು ರಕ್ಷಣೆ ಕೊಡುತ್ತಿತ್ತು.

ತಪ್ಪು ಪಾಲಿಸಿಯದಲ್ಲ, ಪ್ರಶ್ನೆಯದು. "ನನಗೆಷ್ಟು ವಾಪಸು ಬರುತ್ತದೆ?" ಎಂದು ಲೆಕ್ಕ ಹಾಕಿದೆವು, "ನಾನಿಲ್ಲದಾಗ ಮನೆಗೆಷ್ಟು ಬೇಕು?" ಎಂದು ಕೇಳಲಿಲ್ಲ. ಡಾಡ್ಸನ್ ಲೆಕ್ಕ ಹಾಕಿದ್ದು ಈ ಎರಡನೆಯ ಪ್ರಶ್ನೆಗೆ. ಗಣಿತದ ಮೇಷ್ಟ್ರಾಗಿದ್ದ ನನಗೆ ಅದು ಹೊಳೆಯುವ ಹೊತ್ತಿಗೆ ತಡವಾಗಿತ್ತು.