ಇಲ್ಲದ ಮೂಲದ ಕಥೆ

ಕಬಕದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯ ಜಗಲಿಯಲ್ಲಿ ನಾನೂ ನನ್ನ ಸೋದರಳಿಯನೂ ವಿಟ್ಲದ ಬಸ್ಸಿಗಾಗಿ ಕಾಯುತ್ತಿದ್ದೆವು. ಹುಡುಗ ಬಿ.ಎಸ್ಸಿ. ಮುಗಿಸಿದ್ದಾನೆ, ಮುಂದೆ ಶುದ್ಧ ಗಣಿತವನ್ನೇ ಓದುವ ಹಟ. “ಅದರಿಂದ ಏನು ಪ್ರಯೋಜನ? ನೀವಾದರೂ ಬುದ್ಧಿ ಹೇಳಿ” ಎಂದು ಭಾವನವರು ಅವನನ್ನು ನನಗೆ ಒಪ್ಪಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: “ಮಾವ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೈಸ್ಕೂಲಿನಲ್ಲಿ ಹೇಳಿದರು. ಅದಿಲ್ಲದೆ ಭೌತಶಾಸ್ತ್ರವೇ ನಡೆಯದೆಂದು ಕಾಲೇಜಿನಲ್ಲಿ ಹೇಳಿದರು. ಮೊದಲು ಇಲ್ಲವೆಂದವರು ಯಾರು?”

ನಾನು ಕನ್ನಡದ ಅಧ್ಯಾಪಕ. ಬಸ್ಸು ಬಂದದ್ದೇ ಭಾಗ್ಯವೆಂದು ಎದ್ದೆ. ಆದರೆ ಪ್ರಶ್ನೆ ಮನೆಯವರೆಗೂ ಬಂದಿತು. ಉತ್ತರ ದೊರೆತದ್ದು ನಾನು ವರ್ಷವರ್ಷವೂ ಪಾಠ ಹೇಳುವ ‘ಕವಿರಾಜಮಾರ್ಗ’ದ ನೆರೆಮನೆಯಲ್ಲಿ!

ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ್ದು 1912ರಲ್ಲಿ. ಆಗ ನಮ್ಮ ಕಬಕವೂ ಮದರಾಸು ಪ್ರಾಂತಕ್ಕೇ ಸೇರಿತ್ತು.

ಅದರಲ್ಲಿ ಮಹಾವೀರನು ಒಂದೇ ಶ್ಲೋಕದಲ್ಲಿ ಎರಡು ಮಾತು ಹೇಳುತ್ತಾನೆ. ಧನವನ್ನು ವರ್ಗಿಸಿದರೂ ಋಣವನ್ನು ವರ್ಗಿಸಿದರೂ ಧನವೇ. ಆದ್ದರಿಂದ ವರ್ಗಕ್ಕೆ ಧನಮೂಲ, ಋಣಮೂಲಗಳೆರಡೂ ಉಂಟು. 9ಕ್ಕೆ 3 ಒಂದು ಮೂಲವಾದರೆ ಋಣ 3 ಇನ್ನೊಂದು. ಎರಡನೆಯದು: ಋಣಸಂಖ್ಯೆಯು ಸ್ವರೂಪದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ. ನ್ಯಾಯವೇ. ಅಂಗಡಿಯ ಪುಸ್ತಕದಲ್ಲಿ ಋಣವುಂಟು, ಆದರೆ ಋಣ 9 ಕೋಲು ವಿಸ್ತೀರ್ಣದ ಚೌಕ ತೋಟವನ್ನು ಯಾವ ಶ್ಯಾನುಭೋಗರೂ ಅಳೆದಿಲ್ಲ.

ಏಳು ಶತಮಾನಗಳ ತರುವಾಯ, ಮಹಾವೀರನ ಹೆಸರನ್ನೂ ಕೇಳದ ಇಟಲಿಯ ಕಾರ್ಡಾನೊ ಇದೇ ಬೇಲಿಯ ಬಳಿ ನಿಂತ. 10ನ್ನು ಎರಡು ಭಾಗ ಮಾಡಿ ಗುಣಿಸಿದರೆ 40 ಬರಬೇಕು. ಆ ಭಾಗಗಳು ಯಾವುವು? 1545ರಲ್ಲಿ ಅವನು ಋಣ 15ರ ಮೂಲವನ್ನು ಬಳಸಿ ಉತ್ತರ ಬರೆದು, ಇದು ಸೂಕ್ಷ್ಮವಾದರೂ ನಿರುಪಯುಕ್ತವೆಂದು ತಾನೇ ಷರಾ ಹಾಕಿದ. 1572ರಲ್ಲಿ ಬೊಂಬೆಲ್ಲಿಯು ಇಂಥ ಮೂಲಗಳ ಹಾದಿಯಲ್ಲೇ ನಡೆದು ಒಂದು ಘನ ಸಮೀಕರಣಕ್ಕೆ 4 ಎಂಬ ಅಪ್ಪಟ ಉತ್ತರವನ್ನು ತಲಪಿದ. ‘ಕಾಲ್ಪನಿಕ’ ಎಂಬ ಹೆಸರು 1637ರಲ್ಲಿ ಡೆಕಾರ್ಟನಿಂದ ಬಂದಿತು.

ಆ ಕಾಲ್ಪನಿಕವೇ 1926ರಲ್ಲಿ ಷ್ರೋಡಿಂಗರನ ಸಮೀಕರಣದೊಳಗೆ ಬಂದು ಕುಳಿತಿತು. ಅವನಿಗೇ ಅದು ಮೊದಲು ಇರಿಸುಮುರಿಸಾಯಿತು. ಆದರೆ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ನಡೆಯನ್ನು ವಿವರಿಸಲು ಇಂದಿಗೂ ಅದೇ ಸಮೀಕರಣ ಬೇಕು. ನಿರುಪಯುಕ್ತವೆನಿಸಿಕೊಂಡದ್ದಕ್ಕೆ ಪರಮಾಣುವಿನ ನಿಯಮದಲ್ಲಿ ಸ್ಥಾನ ಸಿಗಲು 381 ವರ್ಷ ಹಿಡಿಯಿತು.

ಶ್ಲೋಕದ ಮೊದಲ ಮಾತಿಗೂ ಇಂಥದೇ ಯೋಗ. 1928ರ ಡಿರಾಕನ ಸಮೀಕರಣದಲ್ಲಿ ಶಕ್ತಿಗೆ ಧನಬೆಲೆಯ ಜೊತೆಗೆ ಋಣಬೆಲೆಯೂ ಬಂದಿತು. ಅರ್ಥವಿಲ್ಲದ್ದೆಂದು ಅದನ್ನು ಹೊಡೆದುಹಾಕದೆ ಅವನು ಯೋಚಿಸಿದ. 1931ರಲ್ಲಿ, ಎಲೆಕ್ಟ್ರಾನಿನಷ್ಟೇ ತೂಕದ, ಧನ ವಿದ್ಯುತ್ತಿನ ಕಣವೊಂದು ಇರಬೇಕೆಂದ. ಮರುವರ್ಷವೇ ಆಂಡರ್ಸನ್ ವಿಶ್ವಕಿರಣಗಳಲ್ಲಿ ಅದನ್ನು ಕಂಡ.

ಹಾಗಾದರೆ ಮಹಾವೀರನಿಗೆ ಇದೆಲ್ಲ ತಿಳಿದಿತ್ತೆ? ಖಂಡಿತ ಇಲ್ಲ. ಹಾಗೆನ್ನುವುದು ಅವನಿಗೆ ಮರ್ಯಾದೆಯೂ ಅಲ್ಲ. ತನಗೆ ಗೊತ್ತಿದ್ದ ಸಂಖ್ಯೆಗಳ ಎಲ್ಲೆಯನ್ನು ಕಾರಣಸಹಿತ ಗುರುತಿಸಿದ್ದೇ ಅವನ ಹಿರಿಮೆ. ಯಾರ ಉಪಯೋಗಕ್ಕೂ ಅಲ್ಲದೆ ಕಟ್ಟಿದ ಗಣಿತ ಪ್ರಕೃತಿಗೆ ಇಷ್ಟು ಚೆನ್ನಾಗಿ ಹೊಂದುವುದೇಕೆಂದು 1960ರಲ್ಲಿ ಭೌತಶಾಸ್ತ್ರಜ್ಞ ವಿಗ್ನರ್ ಬೆರಗಾದ. ಗಣಿತವೆಲ್ಲ ಹೀಗೆ ಒದಗುತ್ತದೆಂದೇನೂ ಅಲ್ಲ. ಯಾವುದು ಒದಗೀತೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲ, ಅಷ್ಟೆ.

ಮುಂದಿನ ವಾರ ಹುಡುಗನಿಗೆ ಹೇಳಿದೆ: “ಇಬ್ಬರು ಮೇಷ್ಟರೂ ಸರಿಯೇ. ಒಬ್ಬರದು ಬೇಲಿಯ ಈಚೆಯ ಮಾತು, ಇನ್ನೊಬ್ಬರದು ಆಚೆಯದು.” ಭಾವನವರು ನನಗೆ ಒಪ್ಪಿಸಿದ ಕೆಲಸ ಮಾತ್ರ ಆಗಲಿಲ್ಲ. ಹಳಗನ್ನಡದಿಂದ ಏನು ಪ್ರಯೋಜನವೆಂದು ದಿನವೂ ಕೇಳಿಸಿಕೊಳ್ಳುವ ನಾನು, ಆ ಪ್ರಶ್ನೆಯನ್ನು ಇನ್ನೊಬ್ಬನ ಮೇಲೆ ಯಾವ ಬಾಯಿಂದ ಹೊರಿಸಲಿ?