ಬಾಂದು ಕಲ್ಲಿನಿಂದ ಬಕೆಟ್ಟಿನವರೆಗೆ

ಊರಿಂದ ಅಪ್ಪ-ಅಮ್ಮನನ್ನ ಆರು ತಿಂಗಳಿಗೆ ಅಮೆರಿಕಕ್ಕೆ ಕರೆಸಿಕೊಂಡವರಿಗೆಲ್ಲ ಮೂರನೇ ವಾರದ ಕಥೆ ಗೊತ್ತಿರುತ್ತೆ. ಮೊದಲ ವಾರ ಜೆಟ್‌ಲ್ಯಾಗು, ಎರಡನೇ ವಾರ ಜಲಪಾತ, ಸಮುದ್ರ, ದೇವಸ್ಥಾನ. ಮೂರನೇ ವಾರ ನಮಗೆ ಆಫೀಸು, ಅವರಿಗೆ ಕಿಟಕಿ.

ನಮ್ಮಪ್ಪ ಬಂದಿದ್ದು ಒಬ್ಬರೇ. ಅಮ್ಮ ಹೋಗಿ ಒಂದು ವರ್ಷ ಆಗಿತ್ತು. ಪೋರ್ಟ್‌ಲ್ಯಾಂಡ್ ಪಕ್ಕದ ನಮ್ಮ ಬಡಾವಣೆಯಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ. ಸಂಜೆ ಮನೆಗೆ ಬಂದು "ಇವತ್ತು ಏನ್ ಮಾಡಿದ್ರಿ ಅಪ್ಪ?" ಅಂತ ಕೇಳಿದ್ರೆ ಒಂದೇ ಉತ್ತರ, "ಏನೂ ಇಲ್ಲ ಕಣಮ್ಮ, ಕೂತಿದ್ದೆ." 34 ವರ್ಷ ಹಾಸನ, ತುಮಕೂರು ಸೀಮೆಯ ಹೊಲಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ನಡೆದ ಸರ್ವೇಯರ್ ಅವರು. ಕೂತಿದ್ದೆ ಅನ್ನೋ ಮಾತು ಅವರ ಬಾಯಲ್ಲಿ ಕೇಳೋಕೆ ಕಷ್ಟ ಆಗ್ತಿತ್ತು.

ನಾನು ಅವರ ಫೋನಿಗೆ ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಟ್ಟಿದ್ದು ಆ ಕಷ್ಟಕ್ಕೆ, ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. ಆಟ ಸರಳ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಹಾಕಿರ್ತಾರೆ. ನೀವು ಹುಡುಕಬೇಕು. ಒಳಗೊಂದು ಪುಟ್ಟ ಪುಸ್ತಕ ಇಲ್ಲವೇ ಸುತ್ತಿಟ್ಟ ಚೀಟಿ ಇರುತ್ತೆ. ಹೆಸರು, ತಾರೀಕು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಬಹುಮಾನ ಇಲ್ಲ. ಇಂಥ ಡಬ್ಬಿಗಳು ಪ್ರಪಂಚದಾದ್ಯಂತ 30 ಲಕ್ಷಕ್ಕೂ ಹೆಚ್ಚಿವೆ.

"68 ವರ್ಷಕ್ಕೆ ಕಣ್ಣಾಮುಚ್ಚಾಲೆನಾ?" ಅಂದರು ಅಪ್ಪ. ಆದರೂ ಬಂದರು.

ಮೊದಲನೇದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿತ್ತು. ನಾನು ಫೋನ್ ಹಿಡಿದು ಆ ಕಡೆ ಮೂರು ಹೆಜ್ಜೆ, ಈ ಕಡೆ ಮೂರು ಹೆಜ್ಜೆ ಹಾಕ್ತಾ ಇದ್ದೆ. ಬಾಣ ತಿರುಗ್ತಾನೇ ಇತ್ತು. ಅಪ್ಪ ಫೋನ್ ನೋಡಲೇ ಇಲ್ಲ. ಸುತ್ತ ಒಮ್ಮೆ ಕಣ್ಣಾಡಿಸಿ, ದೀಪದ ಕಂಬದ ಬುಡಕ್ಕೆ ಹೋಗಿ, ಬೋಲ್ಟು ಮುಚ್ಚೋ ತಗಡಿನ ಕವಚ ಮೇಲೆತ್ತಿದರು. ಕೆಳಗೆ ಹಳೇ ಕಾಲದ ಫಿಲ್ಮ್ ರೋಲಿನ ಡಬ್ಬಿ!

"ಇದೇನಮ್ಮ, ಬಾಂದು ಕಲ್ಲು ಹುಡುಕಿದ ಹಾಗೇ ಇದೆಯಲ್ಲ!"

ಬಾಂದು ಕಲ್ಲು ಅಂದ್ರೆ ಜಮೀನಿನ ಗಡಿಗೆ ಸರ್ವೇಯವರು ನೆಟ್ಟ ಕಲ್ಲು. ಅದು ಮಣ್ಣಲ್ಲಿ ಹೂತು ಹೋಗಿರುತ್ತೆ, ಬೇಲಿಯಲ್ಲಿ ಮುಚ್ಚಿರುತ್ತೆ, ಕೆಲವು ಸಲ ಪಕ್ಕದ ಹೊಲದವನು ರಾತ್ರೋರಾತ್ರಿ ಕಿತ್ತು ನಾಲ್ಕಡಿ ಆಚೆ ನೆಟ್ಟಿರ್ತಾನೆ. ಹದ್ದುಬಸ್ತಿಗೆ ಅರ್ಜಿ ಬಂದಾಗ ಅಪ್ಪ ಹಳೇ ಟಿಪ್ಪಣಿ ಹಿಡಿದು ಹೋಗಿ, ಅಳೆದು, ಆ ಕಲ್ಲು ಎಲ್ಲಿರಬೇಕಿತ್ತು ಅಂತ ಹೇಳಬೇಕಿತ್ತು. ಅಳೆಯೋಕೆ 33 ಅಡಿಯ ಕಬ್ಬಿಣದ ಸರಪಳಿ. ಅದಕ್ಕೆ 16 ಆಣೆ ಲೆಕ್ಕ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರೆ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ನಾವಿವತ್ತು ಸೈಟಿನ ಪತ್ರದಲ್ಲಿ ಓದೋ ಗುಂಟೆ ಆ ಸರಪಳಿಯ ಮಗು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಾತಾಡಿದರು. ತಿಂಗಳಾದ ಮೇಲೆ ಮೊದಲ ಸಲ, ನಾನು ಕೇಳದೆ. ಶುರುವಾಗಿದ್ದು ಲ್ಯಾಂಬ್ಟನ್ ಹೆಸರಿಂದ.

ವಿಲಿಯಂ ಲ್ಯಾಂಬ್ಟನ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು. ಟಿಪ್ಪು ಬಿದ್ದ ಮೇಲೆ ಕೈಗೆ ಬಂದ ಸೀಮೆ ಎಷ್ಟು ದೊಡ್ಡದು, ಎಲ್ಲಿಂದ ಎಲ್ಲಿಗೆ ಅಂತ ಕಂಪನಿಗೆ ನಿಖರವಾಗಿ ಗೊತ್ತಾಗಬೇಕಿತ್ತು. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಒಂದು ಗೆರೆಯನ್ನ ಸರಪಳಿ ಹಾಸಿ ಹಾಸಿ ಅಳೆದ. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಇನ್ನೊಂದು ಗೆರೆ ಅಳೆಯೋಕೆ ಶುರು ಮಾಡಿದ. ಮುಂದೆ ಎವರೆಸ್ಟಿನ ಎತ್ತರ ಲೆಕ್ಕ ಹಾಕಿದ ಮಹಾ ತ್ರಿಕೋನಮಿತಿ ಸರ್ವೆಯ ಆರಂಭ ಅದು. ಉಪಾಯ ನಮ್ಮ ಹೈಸ್ಕೂಲಿನದೇ. ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ರೆ ಉಳಿದಿದ್ದು ಲೆಕ್ಕದಲ್ಲಿ ಸಿಗುತ್ತೆ. ಒಂದು ಗೆರೆ ನೆಲದ ಮೇಲೆ ಅಳಿ, ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡ್ತಾ ಹೋಗು. ಹೀಗೆ ಮದ್ರಾಸಿನಿಂದ ಮಂಗಳೂರಿನ ಕರಾವಳಿವರೆಗೆ ತ್ರಿಕೋನ ಹೆಣೆದಾಗ, ಪರ್ಯಾಯ ದ್ವೀಪದ ಅಗಲ ಹಳೇ ನಕ್ಷೆಯಲ್ಲಿ ಇದ್ದಿದ್ದಕ್ಕಿಂತ ಸುಮಾರು 40 ಮೈಲಿ ಕಮ್ಮಿ ಅಂತ ಗೊತ್ತಾಯ್ತು. ಬೆಂಗಳೂರಿನ ಕಾಕ್ಸ್ ಟೌನ್ ಹತ್ತಿರದ ದೊಡ್ಡಗುಂಟೆ ಇದೆಯಲ್ಲ, ಅದೂ ಅವನು ನಕ್ಷತ್ರ ನೋಡಿದ ಒಂದು ಠಾಣೆ.

ಅವನ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಅದನ್ನ ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ಸೊಟ್ಟಗಾಯ್ತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂತು ಅದನ್ನ ನೆಟ್ಟಗೆ ಮಾಡಿದ. ಅಪ್ಪನಿಗೆ ಇಷ್ಟ ಆಗೋದು ಬೇರೆ ವಿಷಯ. "ಅವ್ನು ಈ ಕೆಲ್ಸ ಶುರು ಮಾಡ್ದಾಗ ಐವತ್ತರ ಹತ್ರ ಇದ್ದ ಕಣಮ್ಮ. ಎಪ್ಪತ್ತರ ಹತ್ರ ಸತ್ತ, 1823ರಲ್ಲಿ, ಹಿಂಗಣಘಾಟ್‌ನಲ್ಲಿ. ಆಗ್ಲೂ ಸರ್ವೆ ಮೇಲೇ ಹೊರಟಿದ್ದ."

ಆದರೆ ಒಂದು ಮಾತು ನೆನಪಿರಲಿ. ಇಷ್ಟೆಲ್ಲ ಅಳೆದಿದ್ದು ಯಾರಿಗೋಸ್ಕರ? ದಂಡಿಗೆ, ಕಂದಾಯಕ್ಕೆ. "ನಾನು ಎಲ್ಲಿದ್ದೇನೆ" ಅನ್ನೋ ಪ್ರಶ್ನೆಯ ನಿಖರ ಉತ್ತರ ಯಾವತ್ತೂ ಸರ್ಕಾರದ ಪೆಟ್ಟಿಗೆಯಲ್ಲೇ ಇತ್ತು. ನಮ್ಮ ಫೋನಿನ ಜಿಪಿಎಸ್ಸಿನ ಕಥೆಯೂ ಅದೇ.

ಅಪ್ಪ ಕೆಲಸಕ್ಕೆ ಸೇರಿದ್ದು 1978ರಲ್ಲಿ. ಅದೇ ವರ್ಷ ಅಮೆರಿಕದ ಸೈನ್ಯ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿತು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿದಾಗ ಅದನ್ನ ಹೊಡೆದುರುಳಿಸಿದರು. ಸತ್ತವರು 269 ಜನ. ಆಗ ಅಧ್ಯಕ್ಷ ರೇಗನ್ ಸರ್ಕಾರ, ವ್ಯವಸ್ಥೆ ಸಿದ್ಧವಾದ ಮೇಲೆ ಜಿಪಿಎಸ್ಸನ್ನ ನಾಗರಿಕರಿಗೂ ಉಚಿತವಾಗಿ ಕೊಡ್ತೀವಿ ಅಂತ ಹೇಳಿತು. ಕೊಟ್ಟಿತು ಕೂಡ, ಆದರೆ ಕಲಬೆರಕೆ ಮಾಡಿ. ನಾಗರಿಕರ ಸಂಕೇತಕ್ಕೆ ಬೇಕಂತಲೇ ತಪ್ಪು ಸೇರಿಸ್ತಿದ್ದರು. ಅದಕ್ಕೆ ಸೆಲೆಕ್ಟಿವ್ ಅವೈಲಬಿಲಿಟಿ ಅಂತ ಹೆಸರು. ನೀವು ಮನೆ ಮುಂದೆ ನಿಂತಿದ್ರೂ ಯಂತ್ರ ನೂರು ಮೀಟರ್ ಆಚೆ ತೋರಿಸಬಹುದಿತ್ತು. ಹೊಲದ ಗಡಿ ನೋಡೋ ಸರ್ವೇಯರ್‌ಗೆ ನೂರು ಮೀಟರ್ ಅಂದ್ರೆ ಮೂರು ಜನರ ಜಮೀನು!

2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್, ಈ ತಪ್ಪು ಬೆರೆಸೋದನ್ನ ಇವತ್ತು ಮಧ್ಯರಾತ್ರಿಗೆ ನಿಲ್ಲಿಸ್ತೀವಿ ಅಂತ ಘೋಷಿಸಿದರು. ಜನರ ಕೈಯಲ್ಲಿದ್ದ ಹಳೇ ಯಂತ್ರಗಳೇ ಬೆಳಗಾಗೋದ್ರೊಳಗೆ ಹತ್ತು ಪಟ್ಟು ನಿಖರವಾದವು.

ಸಿಕ್ಕಿದ ಈ ನಿಖರತೆಯನ್ನ ಜನ ಏನು ಮಾಡಿದರು ನೋಡಿ. ಮೇ 3ಕ್ಕೆ, ಅಂದ್ರೆ ಎರಡೇ ದಿನಕ್ಕೆ, ಆರೆಗನ್‌ನ ಡೇವ್ ಉಲ್ಮರ್ ಎನ್ನುವವರು ಒಂದು ಕಪ್ಪು ಬಕೆಟ್ಟನ್ನ ಬೀವರ್‌ಕ್ರೀಕ್ ಹತ್ತಿರ ಕಾಡಿನ ಅಂಚಲ್ಲಿ ಅರ್ಧ ಹೂತರು. ಒಳಗೆ ಪುಸ್ತಕ, ವಿಡಿಯೊ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್, ಹೆಸರು ಬರೆಯೋಕೆ ಪುಸ್ತಕ. ಜಾಗ, ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ಇಷ್ಟನ್ನ ಜಗತ್ತಿಗೆಲ್ಲ ಸಾರಿ, ಒಂದು ತಗೊಂಡ್ರೆ ಒಂದು ಇಡಿ ಅಂದರು. ಮೈಕ್ ಟೀಗ್ ಅನ್ನೋವರು ಮೊದಲು ಹುಡುಕಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎನ್ನುವವರು ಜಿಯೋಕ್ಯಾಶಿಂಗ್ ಅನ್ನೋ ಹೆಸರು ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಶ್ ಇದಕ್ಕಾಗಿ ಒಂದು ತಾಣ ತೆರೆದಾಗ ಪ್ರಪಂಚದಲ್ಲಿ ಇದ್ದಿದ್ದು ಬರೀ 75 ಡಬ್ಬಿ.

ಈ ಹುಚ್ಚು ಜಿಪಿಎಸ್ಸಿಗಿಂತ ಹಳೇದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಲ್ಲಿ ಕ್ರ್ಯಾನ್ಮಿಯರ್ ಪೂಲ್ ಅನ್ನೋ ದೂರದ ಜೌಗು ಜಾಗ ಇದೆ. ಜೇಮ್ಸ್ ಪೆರೊಟ್ ಅನ್ನೋ ಮಾರ್ಗದರ್ಶಿ 1854ರಲ್ಲಿ ಅಲ್ಲೊಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ಅದರಲ್ಲಿ ತಮ್ಮ ಹೆಸರಿನ ಕಾರ್ಡ್ ಹಾಕಿ ಹೋಗ್ತಿದ್ದರು. ಇಷ್ಟು ದೂರ ಬಂದಿದ್ದೆ ಅಂತ ಯಾರಿಗಾದ್ರೂ ಹೇಳಬೇಕು ಅನ್ನೋದು ಮನುಷ್ಯನ ಹಳೇ ಆಸೆ.

ಮುಂದಿನ ತಿಂಗಳುಗಳಲ್ಲಿ ಅಪ್ಪನಿಗೆ ಅದೇ ಕೆಲಸ. ಬೆಳಗ್ಗೆ ತಿಂಡಿ ತಿಂದು ಟೋಪಿ ಹಾಕಿ ಹೊರಟರೆ ಮಧ್ಯಾಹ್ನ ಬರೋದು. ದಾರಿಯಲ್ಲಿ ಸಿಕ್ಕಿದ ಹುಡುಕಾಟಗಾರರಲ್ಲಿ ಹೆಚ್ಚಿನವರು ತಲೆ ನರೆತವರೇ ಅಂತ ಹೇಳ್ತಿದ್ದರು. ಸಿಗದಿದ್ದಾಗ "ಸಿಗಲಿಲ್ಲ" ಅಂತ ದಾಖಲಿಸೋ ಪದ್ಧತಿ ಅವರಿಗೆ ತುಂಬ ಹಿಡಿಸಿತು. "ಇಲ್ಲ ಅನ್ನೋದೂ ದಾಖಲೆನೇ" ಅನ್ನೋರು. ಉಪಗ್ರಹ 20 ಸಾವಿರ ಕಿಲೋಮೀಟರ್ ಮೇಲಿಂದ ನಾಲ್ಕೈದು ಮೀಟರ್ ಹತ್ತಿರಕ್ಕೆ ತಂದು ಬಿಡುತ್ತೆ. ಅಲ್ಲಿಂದ ಮುಂದೆ ಬೇಕಾಗೋದು ಬಚ್ಚಿಟ್ಟವನ ತಲೆ ಹೇಗೆ ಓಡಿರಬಹುದು ಅನ್ನೋ ಅಂದಾಜು. ಅದರಲ್ಲಿ ಅಪ್ಪ ಪಳಗಿದವರು.

ಒಂದು ದಿನ ಮೀಟಿಂಗಿನಲ್ಲಿದ್ದಾಗ ಫೋನ್ ಬಂತು, ಪೊಲೀಸರದ್ದು. ಪಾರ್ಕಿನ ಪೊದೆಯಲ್ಲಿ ವಯಸ್ಸಾದವರೊಬ್ಬರು ಏನೋ ಹುಡುಕ್ತಿದ್ದಾರೆ ಅಂತ ಯಾರೋ ದೂರು ಕೊಟ್ಟಿದ್ದರಂತೆ. ನನ್ನ ಕೈಕಾಲು ತಣ್ಣಗಾಯ್ತು. ಹೋಗಿ ನೋಡಿದ್ರೆ ಅಪ್ಪ ಬೆಂಚಿನ ಮೇಲೆ ಕೂತು, ಅರೆಬರೆ ಇಂಗ್ಲಿಷಲ್ಲಿ, ಆ ಯುವ ಅಧಿಕಾರಿಗೆ ಡಬ್ಬಿ ತೆಗೆದು ಚೀಟಿ ತೋರಿಸ್ತಿದ್ದಾರೆ. ಏನೂ ಆಗಲಿಲ್ಲ. ಆದ್ರೆ ಏನಾದ್ರೂ ಆಗಬಹುದಿತ್ತು ಅನ್ನೋದು ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. "ಇನ್ಮೇಲೆ ಒಬ್ರೇ ಹೋಗ್ಬೇಡಿ ಅಪ್ಪ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂತ್ಕೊ ಅಂತೀಯಾ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಮರುದಿನ ಮತ್ತೆ ಹೋದರು, ನಾನು ಬರೆದುಕೊಟ್ಟ ಒಂದು ಇಂಗ್ಲಿಷ್ ಚೀಟಿ ಜೇಬಲ್ಲಿಟ್ಟುಕೊಂಡು.

ವಾಪಸ್ ಹೋಗೋ ಮೊದಲಿನ ಭಾನುವಾರ ಅವರನ್ನ ಬೀವರ್‌ಕ್ರೀಕ್ ಕಡೆ ಕರೆದುಕೊಂಡು ಹೋದೆ. ಸುಮಾರು ಒಂದು ಗಂಟೆ ದಾರಿ. ಬಕೆಟ್ ಈಗ ಇಲ್ಲ. ಅದೇ ಜಾಗದಲ್ಲಿ 2003ರಲ್ಲಿ ಹಾಕಿದ ಒಂದು ಫಲಕ, ರಸ್ತೆ ಬದಿಯಲ್ಲಿ, ನೆಲಮಟ್ಟಕ್ಕೆ. ಅಪ್ಪ ಕುಕ್ಕರಗಾಲಲ್ಲಿ ಕೂತು, ಫಲಕದ ಸುತ್ತ ಬೆಳೆದಿದ್ದ ಹುಲ್ಲನ್ನ ಕೈಯಿಂದ ಸರಿಸಿ ಚೊಕ್ಕಟ ಮಾಡಿದರು, ಬಾಂದು ಕಲ್ಲಿಗೆ ಮಾಡ್ತಿದ್ದ ಹಾಗೆ. "ನನ್ನ ಸರ್ವಿಸಲ್ಲಿ ಎಷ್ಟು ಕಲ್ಲು ಹುಡುಕಿದ್ದೀನೋ ಲೆಕ್ಕ ಇಲ್ಲ. ಒಂದು ಸಿಕ್ತು ಅಂದ್ರೆ ಒಬ್ಬ ನಗೋನು, ಒಬ್ಬ ಶಾಪ ಹಾಕೋನು. ಯಾರೂ ಜಗಳ ಆಡ್ದೆ ಇರೋ ಕಲ್ಲು ಇದೊಂದೇ ನೋಡು" ಅಂದರು.

ಅಪ್ಪ ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ, ಒಂದು ಶನಿವಾರ ಬೇಜಾರಾಗಿ ಅವರ ಪಟ್ಟಿ ಹಿಡಿದು ಹೊರಟೆ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಹಳ್ಳ ಇದೆ, ಅದಕ್ಕೊಂದು ಮರದ ಸೇತುವೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲಿ ಆರು ವರ್ಷದಿಂದ ಇದ್ದೀನಿ! ಸೇತುವೆ ಕೆಳಗಿನ ಡಬ್ಬಿ ಸಿಗೋಕೆ ಮುಕ್ಕಾಲು ಗಂಟೆ ಹಿಡೀತು. ಚೀಟಿ ಬಿಚ್ಚಿದೆ. ಇಂಗ್ಲಿಷ್ ಹೆಸರುಗಳ ನಡುವೆ ನೀಲಿ ಇಂಕಿನಲ್ಲಿ ಅಪ್ಪನ ದುಂಡನೆ ಕನ್ನಡ ಅಕ್ಷರ. ತಾರೀಕು, ಸಹಿ, ಜೊತೆಗೆ ಸರ್ವೇಯರ್ ಷರಾ: "ಸ್ಥಳದಲ್ಲಿದೆ."

ಅದರ ಕೆಳಗೆ ನನ್ನ ಹೆಸರು ಬರೆದು, ಡಬ್ಬಿ ಇದ್ದ ಜಾಗದಲ್ಲೇ ಇಟ್ಟು, ಸೇತುವೆ ಮೇಲೆ ನಿಂತು ಊರಿಗೆ ಫೋನ್ ಮಾಡಿದೆ.