ದೋಣಿಯಲ್ಲಿ ಎದ್ದು ನಿಂತರೆ: ಮೆಟಾಸೆಂಟರಿನ ಕಥೆ

ಕೆರೆಯ ನಡುವೆ ಒಂದು ಸಣ್ಣ ದೋಣಿ. ನಾಲ್ವರು ಗಾಳ ಹಾಕಿ ಕುಳಿತಿದ್ದಾರೆ. ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಗಾಳಿಯಿಲ್ಲ, ಅಲೆಯಿಲ್ಲ, ಕಣ್ಣು ಎಳೆಯತೊಡಗುತ್ತದೆ. ಅಷ್ಟರಲ್ಲಿ ಒಬ್ಬನ ಗಾಳಕ್ಕೆ ದೊಡ್ಡ ಮೀನು ಬಿದ್ದು ದಾರ ಬಿಗಿಯುತ್ತದೆ. ಆತ ಥಟ್ಟನೆ ಎದ್ದು ನಿಲ್ಲುತ್ತಾನೆ. ಉಳಿದವರು ನೋಡಲೆಂದು ಅದೇ ಬದಿಗೆ ಬಾಗುತ್ತಾರೆ. ಮರುಕ್ಷಣ ನಾಲ್ವರೂ ನೀರಿನಲ್ಲಿರುತ್ತಾರೆ.

ದೋಣಿಯಲ್ಲಿ ಎದ್ದು ನಿಲ್ಲಬಾರದೆಂಬುದು ಅಂಬಿಗರಿಗೆ ಅನುಭವದಿಂದ ಗೊತ್ತು. ಏಕೆ ನಿಲ್ಲಬಾರದು ಎಂಬ ಪ್ರಶ್ನೆಗೆ ಲೆಕ್ಕ ಸಹಿತ ಉತ್ತರ ದೊರೆತದ್ದು ಮಾತ್ರ 1746ರಲ್ಲಿ, ಆರ್ಕಿಮಿಡೀಸನ ಕಾಲದಿಂದ ಸುಮಾರು ಎರಡು ಸಾವಿರ ವರ್ಷಗಳ ನಂತರ.

ನಮ್ಮ ತರಗತಿಗಳಲ್ಲಿ ನಾವು ಆರ್ಕಿಮಿಡೀಸನ ತತ್ವವನ್ನು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ವಸ್ತು ತೇಲುತ್ತದೆಯೇ, ಮುಳುಗುತ್ತದೆಯೇ ಎಂಬುದನ್ನು ಆ ತತ್ವ ಹೇಳುತ್ತದೆ. ನೆಟ್ಟಗೆ ತೇಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಆರ್ಕಿಮಿಡೀಸ್ ಅದನ್ನೂ ಬಿಟ್ಟಿರಲಿಲ್ಲ. ತೇಲುವ ವಸ್ತುಗಳನ್ನು ಕುರಿತ ಆತನ ಎರಡನೆಯ ಪುಸ್ತಕ ಪ್ಯಾರಾಬೊಲಾಯ್ಡ್ ಆಕಾರದ ವಸ್ತುಗಳ ಸ್ಥಿರತೆಯನ್ನು ಚರ್ಚಿಸುತ್ತದೆ. ಆದರೆ ಹಡಗು ಕಟ್ಟುವ ಬಡಗಿಗೆ ಅದರಿಂದ ಏನೂ ಸಹಾಯವಾಗಲಿಲ್ಲ. 1608ರಲ್ಲಿ ಸೈಮನ್ ಸ್ಟೆವಿನ್ ಒಂದು ನಿಯಮ ಹೇಳಿದ: ಗುರುತ್ವ ಕೇಂದ್ರವು ಪ್ಲವನ ಕೇಂದ್ರಕ್ಕಿಂತ, ಅಂದರೆ ಸ್ಥಾನಪಲ್ಲಟಗೊಂಡ ನೀರಿನ ಗುರುತ್ವ ಕೇಂದ್ರಕ್ಕಿಂತ, ಕೆಳಗಿರಬೇಕು. ಕೇಳಲು ಸರಿಯೆನಿಸುತ್ತದೆ, ಆದರೆ ತಪ್ಪು. ಜನ ಕುಳಿತ ಸಣ್ಣ ದೋಣಿಯಲ್ಲಿ ಸಾಮಾನ್ಯವಾಗಿ ಗುರುತ್ವ ಕೇಂದ್ರ ಪ್ಲವನ ಕೇಂದ್ರಕ್ಕಿಂತ ಮೇಲೆಯೇ ಇರುತ್ತದೆ. ಆದರೂ ದೋಣಿ ನೆಟ್ಟಗೆ ತೇಲುತ್ತದೆ.

ತಿಳಿಯದಿದ್ದುದಕ್ಕೆ ತೆತ್ತ ಬೆಲೆಗೆ ಸ್ವೀಡನ್ನಿನ ‘ವಾಸಾ’ ಯುದ್ಧನೌಕೆ ಸಾಕ್ಷಿ. ಹೊರಡುವ ಮೊದಲು ಮೂವತ್ತು ನಾವಿಕರನ್ನು ಅದರ ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಲಾಯಿತು. ಮೂರು ಓಟಗಳಿಗೇ ನೌಕೆ ಹೊಯ್ದಾಡಿದ್ದನ್ನು ಕಂಡು ಪರೀಕ್ಷೆಯನ್ನೇ ನಿಲ್ಲಿಸಿದರು! 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಹೊರಟ ನೌಕೆ ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ಫಿರಂಗಿಗಳ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಯಾವ ಲೆಕ್ಕ ತಪ್ಪಿತೆಂದು ಹೇಳಲು ಆಗ ಲೆಕ್ಕವೇ ಇರಲಿಲ್ಲ.

ಆ ಲೆಕ್ಕ ಹುಟ್ಟಿದ್ದು ವಿಚಿತ್ರವೆಂಬಂತೆ ಆಂಡಿಸ್ ಪರ್ವತಗಳಲ್ಲಿ. ಭೂಮಿಯ ಆಕಾರವನ್ನು ನಿರ್ಧರಿಸಲು ಫ್ರೆಂಚ್ ಅಕಾಡೆಮಿ 1735ರಲ್ಲಿ ಒಂದು ತಂಡವನ್ನು ದಕ್ಷಿಣ ಅಮೆರಿಕಕ್ಕೆ ಕಳಿಸಿತು. ತಂಡದಲ್ಲಿದ್ದ ಪಿಯರೆ ಬೂಗೇ (1698-1758) ಹಗಲು ಬೆಟ್ಟಗಳನ್ನು ಅಳೆಯುವುದರ ಜೊತೆಗೆ ಹಡಗುಗಳ ಬಗ್ಗೆಯೂ ಬರೆಯುತ್ತಿದ್ದ. ಬೆಳಕಿನ ಹೀರಿಕೆಯ ನಿಯಮದಲ್ಲೂ, ಗುರುತ್ವ ಮಾಪನದ ‘ಬೂಗೇ ಅಸಂಗತಿ’ಯಲ್ಲೂ ವಿದ್ಯಾರ್ಥಿಗಳು ಕೇಳುವ ಹೆಸರು ಈತನದೇ. ಹಡಗನ್ನು ಕುರಿತ ಆತನ ಗ್ರಂಥ 1746ರಲ್ಲಿ ಪ್ರಕಟವಾಯಿತು. ಸಮುದ್ರವೇ ಇಲ್ಲದ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಆಯ್ಲರ್ ಕೂಡ ಸ್ವತಂತ್ರವಾಗಿ ಇದೇ ತೀರ್ಮಾನಗಳಿಗೆ ಬಂದು 1749ರಲ್ಲಿ ತನ್ನ ಗ್ರಂಥವನ್ನು ಹೊರತಂದ.

ಬೂಗೇ ಕಂಡುಕೊಂಡದ್ದು ಇಷ್ಟು. ದೋಣಿ ವಾಲಿದಾಗ ಅದರ ಮುಳುಗಿದ ಭಾಗದ ಆಕಾರ ಬದಲಾಗುತ್ತದೆ, ಪ್ಲವನ ಕೇಂದ್ರ ತಗ್ಗಿದ ಬದಿಗೆ ಸರಿಯುತ್ತದೆ. ಆ ಹೊಸ ಕೇಂದ್ರದಿಂದ ನೇರ ಮೇಲಕ್ಕೆ ಗೆರೆ ಎಳೆದರೆ ಅದು ದೋಣಿಯ ನಡುಗೆರೆಯನ್ನು ಒಂದು ಬಿಂದುವಿನಲ್ಲಿ ಸಂಧಿಸುತ್ತದೆ. ಅದೇ ಮೆಟಾಸೆಂಟರ್. ಗುರುತ್ವ ಕೇಂದ್ರ ಇದಕ್ಕಿಂತ ಕೆಳಗಿದ್ದರೆ ನೀರು ದೋಣಿಯನ್ನು ಎತ್ತಿ ನಿಲ್ಲಿಸುತ್ತದೆ, ಮೇಲಿದ್ದರೆ ಅದೇ ನೀರು ಮಗುಚಿಹಾಕುತ್ತದೆ. ಪ್ಲವನ ಕೇಂದ್ರದಿಂದ ಮೆಟಾಸೆಂಟರಿಗಿರುವ ಎತ್ತರವು ದೋಣಿಯ ಉದ್ದ ಮತ್ತು ಅಗಲದ ಘನದ ಗುಣಲಬ್ಧವನ್ನು ಹನ್ನೆರಡರಿಂದಲೂ, ಸ್ಥಾನಪಲ್ಲಟಗೊಂಡ ನೀರಿನ ಗಾತ್ರದಿಂದಲೂ ಭಾಗಿಸಿದಷ್ಟು. (ದೋಣಿ ಪೆಟ್ಟಿಗೆಯಾಕಾರದ್ದೆಂದು ಭಾವಿಸಿದ್ದೇನೆ. ತುದಿ ಚೂಪಾಗಿದ್ದರೆ ಬೆಲೆ ಇನ್ನೂ ಕಡಿಮೆ.)

ನಮ್ಮ ಗಾಳದ ದೋಣಿಗೆ ಬರೋಣ. ಉದ್ದ 4 ಮೀಟರ್, ಅಗಲ 80 ಸೆಂಟಿಮೀಟರ್, ತೂಕ 120 ಕಿಲೋಗ್ರಾಂ. ತಲಾ 70 ಕಿಲೋದ ನಾಲ್ವರು. ಒಟ್ಟು 400 ಕಿಲೋಗ್ರಾಂ, ಅಂದರೆ 0.4 ಘನ ಮೀಟರ್ ನೀರು. ದೋಣಿ 12.5 ಸೆಂ.ಮೀ. ಮುಳುಗುತ್ತದೆ. ಲೆಕ್ಕ ಹಾಕಿದರೆ ಮೆಟಾಸೆಂಟರ್ ತಳದಿಂದ ಸುಮಾರು 49 ಸೆಂ.ಮೀ. ಎತ್ತರದಲ್ಲಿದೆ. ಹಲಗೆಯ ಮೇಲೆ ಕುಳಿತವರ ಗುರುತ್ವ ಕೇಂದ್ರ ತಳದಿಂದ 50 ಸೆಂ.ಮೀ., ದೋಣಿಯದು 25 ಎಂದುಕೊಂಡರೆ ಒಟ್ಟಾರೆ ಗುರುತ್ವ ಕೇಂದ್ರ 42.5 ಸೆಂ.ಮೀ.ನಲ್ಲಿರುತ್ತದೆ. ಉಳಿದ ಅಂತರ ಆರೂವರೆ ಸೆಂಟಿಮೀಟರ್ ಮಾತ್ರ. ಒಬ್ಬ 10 ಸೆಂ.ಮೀ. ಪಕ್ಕಕ್ಕೆ ಸರಿದರೂ ದೋಣಿ ಸುಮಾರು 15 ಡಿಗ್ರಿ ವಾಲುತ್ತದೆ. ಈಗ ಮೀನು ಬಿದ್ದವನು ಎದ್ದು ನಿಂತ. ಅವನ ಗುರುತ್ವ ಕೇಂದ್ರ 95 ಸೆಂ.ಮೀ.ಗೆ ಏರಿತು. ಒಟ್ಟಾರೆ ಗುರುತ್ವ ಕೇಂದ್ರ 50 ಸೆಂ.ಮೀ. ದಾಟಿ ಮೆಟಾಸೆಂಟರಿಗಿಂತ ಮೇಲೆ ಹೋಯಿತು. ಅಲೆ ಬೇಡ, ಗಾಳಿ ಬೇಡ. ನಾಲ್ವರೂ ಹಲಗೆ ಬಿಟ್ಟು ತಳದಲ್ಲೇ ಕುಳಿತಿದ್ದರೆ ಅಂತರ 20 ಸೆಂ.ಮೀ. ಇರುತ್ತಿತ್ತು.

ಅಗಲದ ಘನ ಎಂಬ ಮಾತನ್ನು ಗಮನಿಸಿ. ಅದೇ 400 ಕಿಲೋಗ್ರಾಮನ್ನು 2 ಮೀಟರ್ ವ್ಯಾಸದ ನಮ್ಮ ಹರಿಗೋಲಿನಲ್ಲಿಟ್ಟರೆ ಮೆಟಾಸೆಂಟರ್ ಸುಮಾರು 2 ಮೀಟರ್ ಎತ್ತರಕ್ಕೆ ಹೋಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟಿಸುವ ಈ ಬುಟ್ಟಿ ದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟಬಲ್ಲವು ಎಂದು ಬರೆದಿದ್ದಾನೆ. ಹರಿಗೋಲು ಸುಲಭಕ್ಕೆ ಮಗುಚದು. ಅದರ ಅಪಾಯ ಬೇರೆ: ಭಾರ ಹೆಚ್ಚಾದರೆ ಅಂಚು ನೀರಿನ ಮಟ್ಟಕ್ಕೆ ಇಳಿದು ನೀರು ಒಳಗೆ ಬರುತ್ತದೆ.

ಒಳಗೆ ಬಂದ ನೀರಿನ ಕಥೆಯೂ ಇದೇ ಗಣಿತಕ್ಕೆ ಸೇರಿದ್ದು. ದೋಣಿ ವಾಲಿದ ಕಡೆಗೆ ತಳದ ನೀರೂ ಹರಿಯುತ್ತದೆ. ಸ್ಥಿರತೆ ಎಷ್ಟು ಕುಗ್ಗುತ್ತದೆ ಎಂಬುದರಲ್ಲಿ ನೀರಿನ ಪ್ರಮಾಣಕ್ಕಿಂತ ಅದು ಹರಡಿರುವ ಅಗಲವೇ ಮುಖ್ಯ, ಅದೂ ಘನವಾಗಿ. ಮೀನುಗಾರರು ತಳದ ನೀರನ್ನು ಆಗಾಗ ಮೊಗೆದು ಚೆಲ್ಲುವುದು ಬಟ್ಟೆ ಒದ್ದೆಯಾಗುತ್ತದೆಂದಲ್ಲ.

ಬೂಗೇಯ ಸೂತ್ರ ಸಣ್ಣ ವಾಲುವಿಕೆಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡ ಕೋನಗಳ ಲೆಕ್ಕವನ್ನು 1790ರ ದಶಕದಲ್ಲಿ ಮಾಡಿದವನು ಜಾರ್ಜ್ ಅಟ್‌ವುಡ್, ನಮ್ಮ ಪ್ರಯೋಗಾಲಯದ ಅಟ್‌ವುಡ್ ಯಂತ್ರದವನೇ. ಆದರೆ ಗೊತ್ತಿರುವುದು ಬೇರೆ, ಎಚ್ಚರ ಬೇರೆ. ಟೈಟಾನಿಕ್ ದುರಂತದ ನಂತರ ಅಮೆರಿಕದ ‘ಈಸ್ಟ್‌ಲ್ಯಾಂಡ್’ ಹಡಗಿನ ಮೇಲಟ್ಟಕ್ಕೆ ಸುರಕ್ಷತೆಗೆಂದು ಇನ್ನಷ್ಟು ಜೀವರಕ್ಷಕ ದೋಣಿಗಳನ್ನು ಸೇರಿಸಿದರು. ಗುರುತ್ವ ಕೇಂದ್ರ ಮೇಲೇರಿತು. 1915ರ ಜುಲೈ 24ರಂದು 2,500ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗು ಷಿಕಾಗೋ ನದಿಯ ಕಟ್ಟೆಯ ಬಳಿಯೇ ಮಗುಚಿ 844 ಮಂದಿ ಸತ್ತರು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಪೆರಿಯಾರ್ ಸರೋವರದಲ್ಲಿ, ಪ್ರಯಾಣಿಕರು ಕಾಡುಪ್ರಾಣಿಗಳನ್ನು ನೋಡಲು ಒಂದೇ ಬದಿಗೆ ಸರಿದಾಗ ಎರಡಂತಸ್ತಿನ ದೋಣಿ ಮಗುಚಿ 45 ಮಂದಿ ಅಸುನೀಗಿದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿದ್ದ ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿರಲಿಲ್ಲ. ಜಾಕೆಟ್ಟಿನ ಬೆಲೆ ತಿಳಿದು ಆಗಲೇ ಒಂದೂವರೆ ಶತಮಾನ ಕಳೆದಿತ್ತು. 1861ರ ಫೆಬ್ರುವರಿ 9ರಂದು ಇಂಗ್ಲೆಂಡಿನ ವಿಟ್ಬಿಯಲ್ಲಿ ರಕ್ಷಣಾ ದೋಣಿಯೇ ಮಗುಚಿದಾಗ ಹದಿಮೂವರಲ್ಲಿ ಉಳಿದವನು ಒಬ್ಬನೇ, ಹೊಸ ಮಾದರಿಯ ಬೆಂಡಿನ ಜಾಕೆಟ್ ತೊಟ್ಟಿದ್ದವನು.

ಪ್ರವಾಸಕ್ಕೆ ಹೊರಡುವ ಮುನ್ನ ತರಗತಿಯಲ್ಲಿ ಹತ್ತು ನಿಮಿಷದ ಒಂದು ಪ್ರಯೋಗ ಮಾಡಬಹುದು. ನೀರು ತುಂಬಿದ ಟಬ್ಬಿನಲ್ಲಿ ಉದ್ದನೆಯ, ಕಿರಿದಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇಲಿಬಿಡಿ. ಅದರೊಳಗೆ ನಾಲ್ಕು ಟಾರ್ಚ್ ಸೆಲ್ಲುಗಳನ್ನು ಮಲಗಿಸಿಟ್ಟು ಬೆರಳಿನಿಂದ ಮೆಲ್ಲಗೆ ವಾಲಿಸಿ. ಆಮೇಲೆ ಒಂದೊಂದೇ ಸೆಲ್ಲನ್ನು ನೆಟ್ಟಗೆ ನಿಲ್ಲಿಸುತ್ತಾ ಹೋಗಿ. ಕೊನೆಗೆ ಸೆಲ್ಲುಗಳನ್ನು ಮತ್ತೆ ಮಲಗಿಸಿ, ಡಬ್ಬಿಯೊಳಗೆ ನಾಲ್ಕಾರು ಚಮಚ ನೀರು ಹಾಕಿ ನೋಡಿ.